ಲಿಂಕಿನ ಜೊತೆ ಬರುವ ಚಿತ್ರ

ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಗರಗರ ತಿರುಗತೊಡಗಿದರೆ ಸಂಸೆ ಊರಿನ ಪಂಚಮಿಗೆ ಮೈ ಉರಿಯುತ್ತದೆ. ಕಾಫಿ ಹಣ್ಣು ತೊಳೆದ ಕಪ್ಪು ನೀರನ್ನು ಸಾಹುಕಾರ ರಾಜೀವ್ ನೇರ ಹಳ್ಳಕ್ಕೇ ಬಿಡುತ್ತಾರೆ.

ಆ ಹಳ್ಳದ ಬಂಡೆಯ ಮೇಲೆ ಕೂತಿದ್ದ ಮಿಂಚುಳ್ಳಿಯ ಚಿತ್ರವನ್ನು ಅವಳು ತಾನೇ ತೆಗೆದು, ತನ್ನ ಫೋಟೋಗಳ ವೆಬ್‌ಸೈಟಿಗೆ ಹಾಕಿದ್ದಳು. ಲಿಂಕ್ ಕಳಿಸಿದರೆ ಜೊತೆಗೆ ಮಿಂಚುಳ್ಳಿಯೂ ಮೂಡುತ್ತಿತ್ತು. ರಾಜೀವ್ ತಮ್ಮ ಹೋಂಸ್ಟೇಯ ವೆಬ್‌ಸೈಟಿಗೆಂದು ಆ ಪುಟವನ್ನೇ ನಕಲು ಮಾಡಿಸಿದರು. ಕೇಳಿದ್ದಕ್ಕೆ, "ಹಕ್ಕಿ ನೀನು ಸಾಕಿದ್ದಾ ಮಾರಾಯ್ತಿ?" ಎಂದು ನಕ್ಕರು.

ನಕಲು ಮಾಡಿದವರು ಚಿತ್ರದ ವೆಬ್ ವಿಳಾಸ ಬದಲಿಸಿರಲಿಲ್ಲ. ಅವರ ಲಿಂಕಿಗೂ ಚಿತ್ರ ಪಂಚಮಿಯ ವೆಬ್‌ಸೈಟಿನಿಂದಲೇ ಹೋಗುತ್ತಿತ್ತು. ಅವಳು ಜಗಳವಾಡಲಿಲ್ಲ. ಮಿಂಚುಳ್ಳಿಯನ್ನು ತೆಗೆದು, ಅದೇ ವಿಳಾಸದಲ್ಲಿ ಹಳ್ಳಕ್ಕೆ ಬೀಳುವ ಕಪ್ಪು ನೀರಿನ ಚಿತ್ರವಿಟ್ಟು ಕಾದಳು.

ಕ್ರಿಸ್‌ಮಸ್ ರಜೆಗೆ ರಾಜೀವ್ ಎಲ್ಲ ಗ್ರೂಪುಗಳಿಗೂ ಲಿಂಕ್ ಕಳಿಸಿದರು. 'ಪ್ರಕೃತಿಯ ಮಡಿಲಲ್ಲಿ ತಂಗಬನ್ನಿ' ಎಂಬ ಸಾಲಿನ ಮೇಲೆ ಆ ನೀರು ಮೂಡಿತು. ಮಧ್ಯಾಹ್ನವೇ ಅವರು ಅವಳ ಅಂಗಳಕ್ಕೆ ಓಡಿ ಬಂದರು.

"ತೆಗಿಯೇ ಮಾರಾಯ್ತಿ, ಬುಕಿಂಗೆಲ್ಲ ಕ್ಯಾನ್ಸಲ್ ಆಗ್ತಿದೆ!"

"ಯಾವ್ದನ್ನ ತೆಗೀಲಿ ರಾಜೀವಣ್ಣ? ನನ್ನ ವೆಬ್‌ಸೈಟಲ್ಲಿರೋ ನನ್ನ ಚಿತ್ರವನ್ನಾ?"

"ನೋಡು, ಕೂತು ಮಾತಾಡೋಣ."

"ನಂಗೆ ಕೆಲ್ಸ ಉಂಟು. ನಾಳೆ ಇದಕ್ಕಿಂತ ಚೆಂದದ್ದು ಹಾಕ್ತೀನಿ, ಸತ್ತ ಮೀನು ರಾಶಿ ಬಿದ್ದಿರೋ…" ಎನ್ನುತ್ತಲೇ ಪಂಚಮಿ ಕ್ಯಾಮೆರಾ ಹೆಗಲಿಗೇರಿಸಿ ಹಳ್ಳದ ಕಡೆ ನಡೆದಳು.