ಅಜ್ಜನ ವಾಚಿನ ಗಾಜು

ಆಗೆಲ್ಲ ಮೂಡಲಗಿ ಕಡೆಯ ನಮ್ಮ ಊರಲ್ಲಿ ಒಂದು ಬಾವಿಗೆ ಇಬ್ಬರು ಮೂವರು ಒಡೆಯರಿರುತ್ತಿದ್ದರು. ನಮ್ಮ ಬಾವಿಯ ನೀರು ಹನ್ನೆರಡರ ತನಕ ಅಜ್ಜನ ಹೊಲಕ್ಕೆ, ಆಮೇಲೆ ಅವನ ತಮ್ಮ ಸಣ್ಣಜ್ಜನ ಹೊಲಕ್ಕೆ. ಗಂಟೆ ನೋಡಲು ಇದ್ದದ್ದು ಅಜ್ಜನ ಚಾವಿ ಕೊಡುವ ವಾಚು ಒಂದೇ. ಆಚೆಯ ಬದುವಿನಿಂದ ಸಣ್ಣಜ್ಜ ದಿನಾ ಕೂಗುತ್ತಿದ್ದ, "ಅಣ್ಣಾ, ಹನ್ನೆರಡಾತೇನು?"

ಬೇಸಿಗೆ ಸೂಟಿ. ಅಜ್ಜ ಕಬ್ಬಿಗೆ ನೀರು ಹಾಯಿಸಲು ಇಳಿದಾಗ ವಾಚನ್ನು ಇಂಜಿನ್ ಕೋಣೆಯ ಗೂಟಕ್ಕೆ ತೂಗುಹಾಕಿದ್ದ. ಡೀಸೆಲ್ ವಾಸನೆಯ ಆ ನೆರಳಲ್ಲಿ ನಾನು ಅದನ್ನು ಮೊಣಕೈವರೆಗೆ ಏರಿಸಿಕೊಂಡು ಆಡಿನ ಮರಿಗಳಿಗೆ ಸಾಲಿ ಕಲಿಸುತ್ತಿದ್ದೆ. ಒಂದು ಮರಿ ಹಾರಿತು, ನನ್ನ ಕೈ ಕಲ್ಲಿಗೆ ಬಡಿಯಿತು. ಗಾಜು ಮೂರು ಚೂರು! ಚೂರುಗಳನ್ನು ಆರಿಸುವಾಗ ಬೆರಳು ತಾಗಿ ದೊಡ್ಡ ಮುಳ್ಳು ಸರಿಯಿತು. ಹೆದರಿ, ಅಂದಾಜಿನ ಮೇಲೆ ಹಿಂದಕ್ಕೆ ತಳ್ಳಿದೆ.

ಅಜ್ಜ ಬೈಯಲಿಲ್ಲ. "ಗಾಜು ಹೊಸದ ಬರತೈತಿ, ಬಿಡು. ಮುಳ್ಳಿಗೇನರ ಆಗೇತೇನು?"

"ಇಲ್ಲಜ್ಜಾ."

"ಖರೆ?"

"ಖರೆ."

ವಾಚನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡ. ಮೂರು ದಿನ ನೀರಿನ ಪಾಳಿ ಅದರ ಮೇಲೆಯೇ ನಡೆಯಿತು. ಸಣ್ಣಜ್ಜ ಗಂಟೆ ಕೇಳಿ ಕೂಗಿದಾಗಲೆಲ್ಲ ನಾನು ಇಂಜಿನ್ ಕೋಣೆಯೊಳಗೆ ಹೋಗಿ ಕೂರುತ್ತಿದ್ದೆ.

ನಾಲ್ಕನೆಯ ದಿನ ಇಬ್ಬರೂ ಬಸ್ಸು ಹತ್ತಿ ಗೋಕಾಕಕ್ಕೆ ಹೋದೆವು. ವಾಚು ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಾಗದದ ಪುಡಿಕೆಗಳಿಂದ ಒಂದೊಂದೇ ಗಾಜು ತೆಗೆದು ಕೂಡಿಸಿ ನೋಡಿದರು. ಐದನೆಯದು ಟಕ್ಕನೆ ಕೂತಿತು. ಅದನ್ನು ಒರೆಸಿ, ಗೋಡೆ ಗಡಿಯಾರ ನೋಡಿ ನಕ್ಕರು.

"ಗಾಜೇನೋ ಹೊಸದಾತ್ರಿ ಅಜ್ಜಾರ. ವಾಚ್ ಹದಿನೈದ್ ಮಿಂಟ್ ಹಿಂದ ಐತಲ್ರಿ. ನಿಮ್ಮಂಗ ಅದಕ್ಕೂ ವಯಸ್ಸಾತೇನು?"

ಅಜ್ಜ ನಗಲಿಲ್ಲ. "ಇದು ಎಂದೂ ಹಿಂದ ಬಿದ್ದಿಲ್ರಿ," ಎಂದು ನನ್ನ ಕಡೆ ತಿರುಗಿದ.

ನಾನು ಅಳುತ್ತ ಹೇಳಿದೆ, "ಮುಳ್ಳ ನಾನ ಮುಟ್ಟೇನಜ್ಜಾ."

ತಿರುಗಿ ಬಸ್ಸು ಹತ್ತಿದೆವು. ನನಗೆಂದು ಕೊಂಡ ಕರದಂಟು ಅವನ ಕಿಸೆಯಲ್ಲೇ ಉಳಿಯಿತು. ಬೆಲ್ಲ ತುಪ್ಪದ ವಾಸನೆ ಮಾತ್ರ ದಾರಿಯುದ್ದಕ್ಕೂ ಬರುತ್ತಿತ್ತು. ಊರಲ್ಲಿ ಇಳಿದವನು ನಮ್ಮ ಮನೆಗೆ ಹೋಗದೆ ನೆಟ್ಟಗೆ ಸಣ್ಣಜ್ಜನ ಅಂಗಳಕ್ಕೆ ನಡೆದ.

"ಲಗಮಾ, ಮೂರ್ ದಿನ ನಿನ್ನ ನೀರು ನಾ ಹಾಯ್ಸೇನಿ. ದಿನಾ ಕಾಲ್ ತಾಸು."

ಸಣ್ಣಜ್ಜ ತಲೆಯ ರುಮಾಲು ಬಿಚ್ಚಿ ಜೋರಾಗಿ ನಕ್ಕ. "ಅದಕ್ಕ! ಬೇವಿನ ನೆಳ್ಳು ಬಾವಿ ಕಟ್ಟಿ ಇಳದು ಹೋಗಿರತಿತ್ತು, ನೀ ಇನ್ನಾ ಹನ್ನೆರಡಾಗಿಲ್ಲ ಅಂತಿದ್ದಿ."

"ಮತ್ತ ಯಾಕ ಹೇಳಲಿಲ್ಲೋ ಹುಚ್ಚಪ್ಯಾ?"

"ಅಣ್ಣನ ವಾಚು ತಪ್ಪತೈತೇನು? ನೆಳ್ಳ ತಪ್ಪೇತಿ ಅನ್ಕೊಂಡೆ."

ಅಜ್ಜ ತಲೆ ತಗ್ಗಿಸಿದ. ಕರದಂಟನ್ನು ನನ್ನ ಕೈಗಿತ್ತು, "ಸಣ್ಣಜ್ಜಗ ಕೊಡು," ಎಂದ. ಸಣ್ಣಜ್ಜ ಅರ್ಧ ಮುರಿದು ನನ್ನ ಬಾಯಿಗಿಟ್ಟ. ಮರುದಿನ ಹನ್ನೊಂದೂಕಾಲಕ್ಕೇ ಅಜ್ಜ ನನ್ನನ್ನು ಬದುವಿಗೆ ಅಟ್ಟಿದ. "ಸಣ್ಣಜ್ಜಾ, ನೀರು ನಿಂದು!" ಎಂದು ಕೂಗಿ ಬಂದೆ.

ಈಗ ಆ ಎರಡು ಹೊಲಗಳಿಗೂ ಬೇರೆ ಬೇರೆ ಬೋರುಗಳಿವೆ. ಎಲ್ಲರ ಕಿಸೆಯಲ್ಲೂ ತಪ್ಪದ ಗಂಟೆ ತೋರಿಸುವ ಫೋನು. ಅಜ್ಜನ ವಾಚು ನನ್ನ ಕಪಾಟಿನಲ್ಲಿದೆ, ಗಾಜು ಅದೇ. ಚಾವಿ ಕೊಟ್ಟರೆ ಇಂದಿಗೂ ನಡೆಯುತ್ತದೆ. ಆಚೆಯ ಬದುವಿನಿಂದ ಕೂಗಿ ಕೇಳಿ, ಹೇಳಿದ್ದನ್ನು ನಂಬುವವರು ಮಾತ್ರ ಇಲ್ಲ.