ಮೌಸ್ ಇಲ್ಲದ ಎರಡು ದಿನ

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸೊಂದರಲ್ಲಿ ಏಳು ವರ್ಷ ಶರ್ಟಿನ ಕಾಲರ್ ಹೊಲಿದ ಮೇಲೆ ನನ್ನನ್ನು ಮಹಡಿಯ ಆಫೀಸಿಗೆ ಹಾಕಿದರು. ಪಿಯುಸಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು, ಅಷ್ಟೇ ಕಾರಣ. ಕಂಪ್ಯೂಟರ್ ಮುಟ್ಟಿದ್ದು ಅದೇ ಮೊದಲು.

ಅಲ್ಲಿ ನನಗೆ ಕೆಲಸ ಕಲಿಸಿದವರು ಹಳೇ ಗುಮಾಸ್ತರು. ದಿನಾ ಮಲ್ಲತ್ತಹಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಕೆಳಗಿನ ಹೊಲಿಗೆ ಲೈನುಗಳಿಂದ ಚೀಟಿ ಬರುತ್ತಿತ್ತು, ಯಾವ ಸೈಜಿನ ಶರ್ಟು ಎಷ್ಟು ತಯಾರಾಯಿತು ಅಂತ. ಅದನ್ನು ಕಂಪ್ಯೂಟರಿಗೆ ಏರಿಸಿ, ಸಾಯಂಕಾಲದೊಳಗೆ ಶರ್ಟು ಕೊಳ್ಳುವ ಕಂಪನಿಗೆ ರಿಪೋರ್ಟ್ ಕಳಿಸಬೇಕು. ನಾನು ಏರಿಸಿದ್ದನ್ನು ಅವರು ಒಮ್ಮೆ ಓದಿ ನೋಡುತ್ತಿದ್ದರು. ಎಲ್ಲವನ್ನೂ ಅವರು ಮೌಸಿನಲ್ಲೇ ಮಾಡುತ್ತಿದ್ದರು. "ಬಲಗಡೆ ಬಟನ್ ಒತ್ತಮ್ಮ. ಕಾಪಿ ಅಂತ ಬರುತ್ತೆ ನೋಡು. ಆತುರ ಬೇಡ."

ಆತುರ ಬಿಟ್ಟರೆ ನನಗೆ ಇನ್ನೇನೂ ಗೊತ್ತಿರಲಿಲ್ಲ. ಲೈನಿನಲ್ಲಿ ಬೆನ್ನ ಹಿಂದೆ ಸೂಪರ್‌ವೈಸರ್ ಗಡಿಯಾರ ಹಿಡಿದು ನಿಲ್ಲುತ್ತಿದ್ದ. ಇಲ್ಲಿ ಯಾರೂ ನಿಲ್ಲದಿದ್ದರೂ ಮೇಜಿನ ಕೆಳಗೆ ನನ್ನ ಬಲಗಾಲು ಇಲ್ಲದ ಪೆಡಲನ್ನು ತುಳಿಯುತ್ತಲೇ ಇರುತ್ತಿತ್ತು. "ಟೇಬಲ್ ಅಲ್ಲಾಡ್ತಿದೆ ಕಣಮ್ಮ" ಅಂತ ಅವರು ದಿನಕ್ಕೆ ನಾಲ್ಕು ಸಲವಾದರೂ ಹೇಳೋರು.

ಒಂದು ದಿನ ನನ್ನ ಮೌಸ್ ಕೆಟ್ಟಿತು. ಹೊಸದು ಬರೋಕೆ ಎರಡು ದಿನ ಅಂದರು. ಸುಮ್ಮನೆ ಕೂರಲಾಗದೆ, ಮೌಸಿಲ್ಲದೆ ಹೇಗೆ ಕೆಲಸ ಮಾಡೋದು ಅಂತ ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕಿದ್ದನ್ನೆಲ್ಲ ಹಳೇ ಚೀಟಿಯ ಹಿಂದೆ ಬರೆದುಕೊಂಡೆ. ಕಂಟ್ರೋಲ್ ಜೊತೆ ಬಾಣದ ಗುರುತು ಒತ್ತಿದರೆ ಪಟ್ಟಿಯ ಕೊನೆಗೇ ಹೋಗಿ ನಿಲ್ಲುತ್ತದೆ. ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿದರೆ ಇವತ್ತಿನ ತಾರೀಖು ತಾನೇ ಬಂದು ಕೂರುತ್ತದೆ. ಪಟ್ಟಿಯ ಕೆಲವು ಮನೆಗಳನ್ನು ಒಟ್ಟಿಗೆ ಹಿಡಿದು ಕಂಟ್ರೋಲ್ ಡಿ ಒತ್ತಿದರೆ ಮೇಲಿನ ಮನೆಯಲ್ಲಿರುವುದು ಕೆಳಗಿನ ಮನೆಗಳಿಗೆಲ್ಲ ಇಳಿಯುತ್ತದೆ. ಮೊದಲ ದಿನ ಬೆರಳು ತಡವರಿಸಿದವು. ಎರಡನೇ ದಿನ ಮಧ್ಯಾಹ್ನಕ್ಕೆ ಅವುಗಳಿಗೆ ದಾರಿ ಗೊತ್ತಾಗಿತ್ತು. ಹೊಸ ಮೌಸ್ ಬಂದಾಗ ಅದನ್ನು ಡಬ್ಬಿಯಿಂದ ತೆಗೆಯಲೂ ಇಲ್ಲ.

ತಿಂಗಳೊಳಗೆ, ಐದು ಗಂಟೆವರೆಗೂ ಎಳೆಯುತ್ತಿದ್ದ ಕೆಲಸ ಊಟಕ್ಕೆ ಮೊದಲೇ ಮುಗಿಯತೊಡಗಿತು. ಮುಗಿದ ಮೇಲೆ ಏನು ಮಾಡಬೇಕೋ ತೋಚುತ್ತಿರಲಿಲ್ಲ. ಕಿಟಕಿಯ ಹತ್ತಿರ ಹೋಗುತ್ತಿದ್ದೆ, ಮಾಗಡಿ ರೋಡಿನ ಬಸ್ಸು ನೋಡುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾರದೆ ಮಾಲೀಕರ ರೂಮಿಗೇ ಹೋಗಿ ಹೇಳಿದೆ. "ರಿಪೋರ್ಟ್ ಮುಗೀತು ಸಾರ್."

ಅವರು ಗೋಡೆ ಗಡಿಯಾರ ನೋಡಿದರು. "ಆಗ್ಲೇನಾ?"

ಹೊಗಳಿದರು ಅಂದುಕೊಂಡು ಹಿಗ್ಗಿದೆ. ಮರುದಿನ ಗುಮಾಸ್ತರ ಸ್ಟಾಕ್ ಫೈಲು ನನ್ನ ಮೇಜಿಗೆ ಬಂತು. ಆಮೇಲೆ ಅವರ ಇನ್ನೊಂದು ಕೆಲಸ. ತಿಂಗಳಾಗುವಷ್ಟರಲ್ಲಿ ಅವರನ್ನು ಕೆಂಗೇರಿಯ ಗೋಡೌನಿಗೆ ಕಳಿಸಿದರು, ಲಾರಿಗೆ ಏರುವ ಡಬ್ಬ ಎಣಿಸೋಕೆ. ಹೋಗುವಾಗ ಡ್ರಾಯರಿನಿಂದ ಕನ್ನಡಕದ ಡಬ್ಬಿ, ಟವಲು ತೆಗೆದುಕೊಂಡರು. ನನ್ನ ಕಡೆ ನೋಡಲಿಲ್ಲ.

ಅಲ್ಲಿಂದ ಮುಂದೆ ನನ್ನ ಮನಸ್ಸು ಎಲ್ಲೂ ನಿಲ್ಲಲಿಲ್ಲ. ಮನೆಯಲ್ಲಿ ಅಮ್ಮ ಮಾತಾಡುತ್ತಿದ್ದರೆ ಬೇಗ ಮುಗಿಸಲಿ ಅನ್ನಿಸುತ್ತಿತ್ತು. ಆಫೀಸಿನಲ್ಲಿ ಗುಮಾಸ್ತರ ಖಾಲಿ ಕುರ್ಚಿ ಕಣ್ಣಿಗೆ ಬೀಳದಿರಲಿ ಅಂತ ಇನ್ನೂ ವೇಗವಾಗಿ ಒತ್ತುತ್ತಿದ್ದೆ. ಕೊನೆಗೊಂದು ಭಾನುವಾರ ಮಲ್ಲತ್ತಹಳ್ಳಿಗೆ, ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟರು. ಗೋಡೌನಿನ ಬಿಸಿಲಿಗೆ ಗುಮಾಸ್ತರ ಮುಖ ಕಪ್ಪಿಟ್ಟಿತ್ತು.

"ತಪ್ಪಾಯ್ತು ಸಾರ್. ಬೇಗ ಮಾಡ್ಬಾರ್ದಿತ್ತು."

ಅವರು ಲೋಟ ಕೆಳಗಿಟ್ಟರು. "ಬೇಗ ಮಾಡಿದ್ದು ತಪ್ಪಲ್ಲಮ್ಮ. ಬೇಗ ಮುಗೀತು ಅಂತ ಎದ್ದೋಗಿ ಹೇಳಿದ್ಯಲ್ಲ, ಅದು. ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತು."

 ಕಾಫಿ ಪೂರ್ತಿ ಕುಡಿಯದೆ ಎದ್ದು ಬಂದೆ.

ಅದೇ ವಾರ ನನ್ನ ಕೈಯಿಂದ ದೊಡ್ಡ ಎಡವಟ್ಟಾಯಿತು. ಕಂಟ್ರೋಲ್ ಡಿ ಒತ್ತುವಾಗ ಎರಡು ಮನೆ ಹೆಚ್ಚಿಗೆ ಹಿಡಿದಿದ್ದೆ. ಮೀಡಿಯಂ ಸೈಜಿನ ಲೆಕ್ಕವೇ ದೊಡ್ಡ ಸೈಜುಗಳಿಗೂ ಇಳಿದಿತ್ತು. ಮತ್ತೊಮ್ಮೆ ನೋಡದೆ ಕಳಿಸಿಬಿಟ್ಟೆ. ಕೊಳ್ಳುವ ಕಂಪನಿ ಆ ಲೆಕ್ಕ ನಂಬಿ ಲಾರಿ ಕಳಿಸಿತು. ಗೋಡೌನಿನಲ್ಲಿ ಅಷ್ಟು ಮಾಲೇ ಇರಲಿಲ್ಲ. ಅರ್ಧ ತುಂಬಿದ ಲಾರಿಯ ಮುಂದೆ ನಿಂತು ಡ್ರೈವರನ ಬೈಗುಳ ತಿಂದವರು ಗುಮಾಸ್ತರು.

ಮಾಲೀಕರು ಕರೆಸಿ ಕೂಗಾಡಿದರು. ಅವರು ನಿಲ್ಲಿಸುವವರೆಗೂ ಕಾದೆ.

"ಮುಂಚೆ ನಾನು ಏರಿಸ್ತಿದ್ದೆ, ಗುಮಾಸ್ತರು ನೋಡ್ತಿದ್ರು ಸಾರ್. ಈಗ ನೋಡೋರಿಲ್ಲ."

"ಅಷ್ಟು ಸ್ಪೀಡಾಗಿ ಮಾಡ್ತೀಯ, ನಿಂಗ್ಯಾಕಮ್ಮ ಇನ್ನೊಬ್ರು?"

"ತಪ್ಪನ್ನೂ ಅಷ್ಟೇ ಸ್ಪೀಡಾಗಿ ಮಾಡ್ತೀನಿ ಸಾರ್."

 ಮತ್ತೆ ಕಾಲರ್ ಲೈನಿಗೇ ಕಳಿಸುತ್ತಾರೆ ಅಂದುಕೊಂಡಿದ್ದೆ.  ಮೂರನೇ ದಿನ ಮಾಲೀಕರು, ವಾರಕ್ಕೆ ಮೂರು ದಿನ ಗುಮಾಸ್ತರು ಇಲ್ಲಿಗೆ ಬರಲಿ ಅಂದರು.

ಬಂದರು. ಮೊದಲ ವಾರ ಮಾತಿಲ್ಲ. ನಾನು ಏರಿಸಿದ್ದನ್ನು ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಸ್ಕೇಲಿಟ್ಟು ಓದುತ್ತಿದ್ದರು. ನಾನು ಎರಡು ನಿಮಿಷದಲ್ಲಿ ಕಣ್ಣಾಡಿಸಿ ಬಿಡುವ ಹಾಳೆಯನ್ನು ದಾಟಲು ಅವರಿಗೆ ಮುಕ್ಕಾಲು ಗಂಟೆ ಬೇಕಿತ್ತು. ಪಕ್ಕದಲ್ಲಿ ಕೂತು ಕಾಯುವುದು ನನಗೆ ಶಿಕ್ಷೆಯಂತಿತ್ತು. ಎರಡನೇ ವಾರ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಸೊನ್ನೆ ಬಿಟ್ಟಿದೀಯಮ್ಮ" ಅಂದರು. ಅಷ್ಟು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಸರಿಮಾಡಿದೆ. ಪೂರ್ತಿ ಓದಿ ಅವರು "ಕಳ್ಸು" ಅಂದ ಮೇಲೆಯೇ ಕಳಿಸಿದೆ.

ರಿಟೈರ್ ಆಗುವವರೆಗೂ ಅವರು ಹೀಗೆಯೇ ಬಂದರು. ಉಳಿದ ಮೂರು ದಿನ ಕೆಂಗೇರಿಯ ಬಿಸಿಲು ತಪ್ಪಲಿಲ್ಲ. ಅದು ನನ್ನಿಂದಾದದ್ದು ಅನ್ನುವುದನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ನನ್ನ ಮನಸ್ಸು ಒಂದಿಷ್ಟು ಹಗುರಾಗುತ್ತಿತ್ತೇನೋ.