ಬಿದ್ದವಳು ಆಕೆ, ಅಳ್ಳಾಡಿದ್ದು ನನ್ನ ಹಲ್ಲು

ಮಾನವಮಿ ಹಬ್ಬಕ್ಕೆ ಮೊದಲು ಮನೆಯ ಕೌದಿಗಳನ್ನೆಲ್ಲ ಒಗೆಯುವುದು ನಮ್ಮ ಕಡೆಯ ಪದ್ಧತಿ. ಹಿಂದೆ ಅದಕ್ಕಾಗಿ ಬಾವಿಯ ನೀರು ಸೇದಿ ಸೇದಿ ಹೆಂಗಸರ ರಟ್ಟೆ ಬೀಳುತ್ತಿದ್ದವಂತೆ. ಕಾಲುವೆ ಬಂದ ಮೇಲೆ ಆ ಕಷ್ಟ ತಪ್ಪಿತು. ಕೌದಿಯ ಒಂದು ತುದಿ ಹಿಡಿದುಕೊಂಡು ಹರಿಯುವ ನೀರಿಗೆ ಬಿಟ್ಟರೆ ಕೊಳೆ ತಾನಾಗಿ ಹೋಗುತ್ತಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆ ಅದು. ನೀರು ಕುಡಿದರೆ ಎಮ್ಮೆಯ ಭಾರ.

ನಾನು ಯಾದಗಿರಿಯಲ್ಲಿ ಡಿಗ್ರಿ ಮುಗಿಸಿ, ಹುಣಸಗಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು, ಅಲ್ಲಿಯ ಶಾಲೆಯಲ್ಲೇ ಪಾಠ ಹೇಳುತ್ತಿದ್ದೆ. ಆ ವರ್ಷ ಹಬ್ಬದ ಹಿಂದಿನ ಭಾನುವಾರ ನನ್ನ ನಾದಿನಿಯ ಜೊತೆ ಕೌದಿ ಒಗೆಯಲು ಕಾಲುವೆಗೆ ಹೋಗಿದ್ದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಅವಳು ನೀರಿಗೆ ಬಿಟ್ಟ ಕೌದಿ ಒಮ್ಮೆಲೇ ಹೊಟ್ಟೆ ಉಬ್ಬಿಸಿ ಅವಳನ್ನು ಎಳೆದುಕೊಂಡು ಹೋಯಿತು. ಕಾಲುವೆಯ ಸಿಮೆಂಟಿನ ಇಳಿಜಾರು ಪಾಚಿಗಟ್ಟಿರುತ್ತದೆ. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

"ಕೌದಿ ಬಿಡು! ಬಿಡವ್ವಾ, ಕೌದಿ ಬಿಡು!" ಎಂದು ಹೆಂಗಸರು ದಂಡೆಯ ಮೇಲೆ ಓಡುತ್ತಿದ್ದರು. ಅವಳು ಬಿಡಲಿಲ್ಲ. ಅದು ಅವಳ ಅಜ್ಜಿಯ ಸೀರೆಗಳ ಕೌದಿ.

ಯಾರೋ ಎರಡು ಸೀರೆ ಗಂಟು ಹಾಕಿ ಅವಳ ಕಡೆ ಎಸೆದರು. ದಂಡೆಯ ಕಡೆಯ ತುದಿಯನ್ನು ನಾನು ಸೊಂಟಕ್ಕೆ ಸುತ್ತಿಕೊಂಡು, ಇಳಿಜಾರಿನ ಬಿರುಕೊಂದಕ್ಕೆ ಹಿಮ್ಮಡಿ ಕೊಟ್ಟು ಕುಳಿತೆ. ನನ್ನ ಹಿಂದೆ ಇಬ್ಬರು ನನ್ನ ರಟ್ಟೆ ಹಿಡಿದಿದ್ದರು. ನಾದಿನಿಯ ಕೂದಲು ನೀರಿನೊಳಗೆ ಹೋಗಿ ಮತ್ತೆ ಮೇಲೆ ಬಂತು. ಕೊನೆಗೆ ಕೌದಿ ಬಿಟ್ಟು ಸೀರೆ ಹಿಡಿದಳು. ಎಳೆದುಕೊಂಡೆವು. ಆಗ ನನ್ನ ಕಿವಿಗೆ ಕೇಳಿಸಿದ್ದು ಒಂದೇ ಸಪ್ಪಳ, ನನ್ನ ಹಲ್ಲುಗಳು ಒಂದಕ್ಕೊಂದು ಕಚ್ಚಿ ಅರೆಯುವ ಸಪ್ಪಳ.

ಅವಳು ಸಂಜೆಯೇ ಎದ್ದು ಕುಳಿತು ಮಿರ್ಚಿ ಭಜಿ ತಿಂದಳು. ನನಗೆ ಆ ವಾರವೇ ಬಾಯಿ ತುಂಬ ಹುಣ್ಣಾದವು. ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕಣ್ಣು ಮುಚ್ಚಿದರೆ ಆ ಸೀರೆಯ ಗಂಟು ಕಾಣುತ್ತಿತ್ತು. ನಿಜದಲ್ಲಿ ಬಿಚ್ಚದೆ ಉಳಿದ ಗಂಟು, ಕಣ್ಣು ಮುಚ್ಚಿದಾಗಲೆಲ್ಲ ಬಿಚ್ಚಿಕೊಳ್ಳುತ್ತಿತ್ತು.

"ನಿದ್ದಿಯಾಗ ಕಟಕಟ ಹಲ್ಲು ಕಡೀತಿಯಲ್ಲ, ಯಾರನ್ನ ತಿನ್ನಾಕತ್ತಿದಿ?" ಎಂದು ನನ್ನ ಗಂಡ ಮುಂಜಾನೆ ನಗುತ್ತಿದ್ದರು.

"ಉಷ್ಣ ಆಗ್ಯಾದ," ಎಂದು ಅತ್ತೆ ಮಜ್ಜಿಗೆ ಕೊಟ್ಟರು. ಮೆತ್ತನೆಯ ಅನ್ನ ಮಾತ್ರ ಉಣ್ಣುವುದನ್ನು ನೋಡಿ, "ಕೆನಾಲ್ ಬಂತು, ನೆಲ್ಲು ಬಂತು, ಅನ್ನ ಉಂಡು ಉಂಡು ಎಲ್ಲಾರ ಹಲ್ಲೂ ಮೆತ್ತಗಾದವು ನೋಡು," ಎಂದು ಹಂಗಿಸಿದರು.

ಆಮೇಲೆ ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರತೊಡಗಿತು. ಬ್ರಷ್ಷಿನಿಂದಲೇ ಗಾಯವಾಗುತ್ತಿದೆ ಎಂದುಕೊಂಡು ಅದನ್ನು ಬಿಟ್ಟೆ. ಅತ್ತೆ ದಿನಾ ತಿಕ್ಕುತ್ತಿದ್ದ ಸುಟ್ಟ ತಂಬಾಕಿನ ಪುಡಿಯನ್ನೇ ನಾನೂ ಬೆರಳಿನಿಂದ ತಿಕ್ಕಿಕೊಂಡೆ. ತಲೆ ತಿರುಗಿತು, ಆದರೆ ನೋವು ಜೋಮು ಹಿಡಿದಂತೆ ಅಡಗಿತು. ಕೆಲವು ದಿನಗಳಲ್ಲಿ ರಕ್ತವೂ ನಿಂತಿತು. ವಾಸಿಯಾಯಿತು ಎಂದುಕೊಂಡೆ. ಚಳಿಗಾಲ ಮುಗಿಯುವ ಹೊತ್ತಿಗೆ ಕೆಳಗಿನ ಮುಂದಿನ ಹಲ್ಲೊಂದು ನಾಲಿಗೆ ತಾಗಿದರೆ ಅಳ್ಳಾಡುತ್ತಿತ್ತು. ನನಗಿನ್ನೂ ಮೂವತ್ತು ತುಂಬಿರಲಿಲ್ಲ.

ಸುರಪುರದಲ್ಲಿ ಬಸ್ಸು ಬದಲಿಸಿ ಶಹಾಪುರದ ಹಲ್ಲಿನ ಡಾಕ್ಟರ ಬಳಿ ಹೋದೆವು. ನಾದಿನಿ ಜೊತೆಗಿದ್ದಳು. ಡಾಕ್ಟರು ಬಹಳ ಹೊತ್ತು ನೋಡಿದರು.

"ಅಕ್ಕೋರ, ಶುಗರ್ ಅದ ಏನ್ರಿ?"

"ಇಲ್ರಿ."

"ಮನ್ಯಾಗ ಏನರ ಆಗ್ಯಾದೇನು? ಚಿಂತಿ, ಗಾಬರಿ?"

"ಏನೂ ಇಲ್ರಿ," ಎಂದೆ. ಯಾರೂ ಸತ್ತಿರಲಿಲ್ಲ. ಹೇಳಿಕೊಳ್ಳುವಂಥದ್ದು ಏನಿತ್ತು?

"ಆಗ್ಯಾದ್ರಿ ಸರ," ಎಂದಳು ನಾದಿನಿ. "ನಾ ಕೆನಾಲ್‌ದಾಗ ಬಿದ್ದಿದ್ದೆ. ಬಿದ್ದಾಕಿ ನಾನು, ಹಲ್ಲು ಅಳ್ಳಾಡಾಕತ್ತಿದ್ದು ನಮ್ಮ ವೈನೀದು."

ಡಾಕ್ಟರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ನಿದ್ದೆ, ಬ್ರಷ್ಷು, ಪುಡಿ ಎಲ್ಲ ಕೇಳಿ ತಿಳಿದುಕೊಂಡರು.

"ಕ್ರಿಮಿ ಎಲ್ಲಾರ ಬಾಯಾಗೂ ಇರ್ತಾವ್ರಿ. ಅವನ್ನ ತಡಿಯೋ ಶಕ್ತಿ ಮೈಯಾಗ ಇರ್ತದ. ಮನಸ್ಸಿಗೆ ದಿನಾ ಅಂಜಿಕಿ ಇದ್ರ ಆ ಶಕ್ತಿ ಕುಂದತದ, ಬಾಯಿ ಒಣಗತದ. ಮ್ಯಾಲ ನೀವು ಹಲ್ಲು ಕಡೀತೀರಿ, ತಿಕ್ಕೋದು ಬಿಟ್ಟೀರಿ. ತಂಬಾಕಿನ ಪುಡಿ ರಕ್ತ ನಿಲ್ಲಿಸ್ಯಾದ, ರೋಗ ನಿಲ್ಲಿಸಿಲ್ಲ, ಮುಚ್ಚಿಟ್ಟದ. ಒಳಗ ಎಲುಬು ಕರಗ್ಯಾದ."

"ಹಲ್ಲು ಉಳೀತದೇನ್ರಿ?"

"ನೋಡ್ತೀನ್ರಿ. ಮಾತು ಕೊಡಂಗಿಲ್ಲ."

ಅವರು ಹಲ್ಲು ಸ್ವಚ್ಛ ಮಾಡಿದರು. ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ತಂಬಾಕು ಮಾತ್ರ ಬಂದ್ ಎಂದರು. ಪುಡಿ ಬಿಟ್ಟ ಕೂಡಲೇ ಮತ್ತೆ ರಕ್ತ ಬಂತು. "ನೋಡಿದೇನು? ಡಾಕ್ಟರ್ ಕೈಯಾಗ ಹೆಚ್ಚಾಯ್ತು," ಎಂದು ಅತ್ತೆ ಪುಡಿಯ ಡಬ್ಬಿ ಮುಂದಿಟ್ಟರು. ಒಂದೆರಡು ಸಲ ಕೈ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ.

ಯಾರ ಮುಂದಾದರೂ ನಡೆದದ್ದನ್ನು ಹೇಳಿಕೊಳ್ಳಿ ಎಂದೂ ಡಾಕ್ಟರು ಹೇಳಿದ್ದರು. ಬೇರೆ ಯಾರ ಮುಂದೆ ಹೇಳಲಿ? ಹತ್ತಿ ಬಿಡಿಸುತ್ತಾ ನಾದಿನಿಗೇ ಹೇಳಿದೆ. ಕೂದಲು ಮುಳುಗಿದ್ದು, ಗಂಟು ಬಿಚ್ಚಿಕೊಳ್ಳುವುದು, ಎಲ್ಲ. ಅವಳು ಬೆರಗಾದಳು.

"ನನಗ ಅದ್ಯಾವ್ದೂ ನೆನಪಿಲ್ಲ ವೈನಿ. ನೀರು ತಣ್ಣಗಿತ್ತು, ಕೌದಿ ಹೋತು. ಅಷ್ಟ."

ಮುಳುಗಿದವಳಿಗೆ ಅಷ್ಟೇ ನೆನಪಿತ್ತು. ಉಳಿದದ್ದೆಲ್ಲ ದಂಡೆಯ ಮೇಲಿದ್ದವಳ ಪಾಲಿಗೆ ಬಂದಿತ್ತು. ಅವಳು ಬೇಸರಿಸದೆ ಮತ್ತೆ ಮತ್ತೆ ಕೇಳಿಸಿಕೊಂಡಳು. ಹೇಳಿ ಹೇಳಿ ನನಗೇ ದಣಿವಾಯಿತು. ಆ ದಣಿವಿನಲ್ಲಿ ಒಂದಿಷ್ಟು ನಿದ್ದೆ ಬರತೊಡಗಿತು.

ಹುಣ್ಣು ಮಾಯವಾದವು. ಒಸಡಿನ ಕೆಂಪು ಇಳಿಯಿತು. ಆ ಒಂದು ಹಲ್ಲು ಮಾತ್ರ ಉಳಿಯಲಿಲ್ಲ. ಡಾಕ್ಟರು ಇಕ್ಕಳ ಹಚ್ಚಿದರು. ಎಳೆಯುವ ಕೆಲಸವೇ ಬೀಳಲಿಲ್ಲ, ಮಣ್ಣು ಸಡಿಲಾದ ಗೂಟದಂತೆ ಬಂತು. "ಉಳಿದವು ಗಟ್ಟಿ ಅವ. ಇನ್ನು ಅವನ್ನ ಕಾಯ್ಕೊಳ್ರಿ," ಎಂದರು.

ಕಾಯುತ್ತಿದ್ದೇನೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ದಿನ ದವಡೆ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಪಾಠ ಹೇಳುತ್ತಿದ್ದರೂ ಅದು ಗೊತ್ತಾಗುತ್ತದೆ. ಹಲಗೆಯ ಕಡೆ ತಿರುಗಿ, ಕಿವಿಯ ಕೆಳಗೆ ಬೆರಳಿಟ್ಟು ಒತ್ತಿ, ಹಲ್ಲಿಗೆ ಹಲ್ಲು ತಾಗದಂತೆ ಬಿಡಿಸಿಕೊಂಡು, ಮತ್ತೆ ಮಕ್ಕಳ ಕಡೆ ತಿರುಗುತ್ತೇನೆ.